ಐವನ್‌ಹೋ ರೊವೀನಾಳನ್ನೇ ಏಕೆ ಮದುವೆಯಾದ?

(ಓದುಗರ ಕೂಟವೊಂದರಲ್ಲಿ ಮಾಡಿದ ಮಾತಿನ ಬರಹರೂಪ)



ಕಾದಂಬರಿ ಓದುವ ಅಭ್ಯಾಸವಿರುವವರಿಗೆಲ್ಲ ಒಂದಲ್ಲ ಒಂದು ಸಲ ಬಂದಿರಬಹುದಾದ ಒಂದು ಸಿಟ್ಟಿನ ಬಗ್ಗೆ ಈ ಸಂಜೆ ಮಾತನಾಡಬೇಕೆಂದಿದ್ದೇನೆ. ಐನೂರು ಪುಟ ಓದಿರುತ್ತೇವೆ. ಕೋಟೆಗೆ ಮುತ್ತಿಗೆ ಬಿದ್ದಿದೆ, ನಾಯಕ ಗಾಯಗೊಂಡು ಎದ್ದಿದ್ದಾನೆ, ಸೆರೆಯಾದವರು ಬಿಡುಗಡೆಯಾಗಿದ್ದಾರೆ, ಖಳ ಸತ್ತಿದ್ದಾನೆ. ಕೊನೆಗೆ ಮದುವೆಯ ಓಲಗವೂ ಊದಿತು. ಆದರೆ ಹಸೆಮಣೆಯ ಮೇಲೆ ಕುಳಿತವಳು ನಮ್ಮ ಮನಸ್ಸು ಗೆದ್ದ ಹುಡುಗಿಯಲ್ಲ. ಅವಳಿಗಿಂತ ನೂರು ಪಾಲು ಮೇಲಾದವಳು ಕಣ್ಣೊರೆಸಿಕೊಂಡು ದೇಶ ಬಿಟ್ಟು ಹೊರಟಿದ್ದಾಳೆ. ‘ಇವಳಿಗಾಗಿ ಇಷ್ಟೆಲ್ಲ ಬೇಕಿತ್ತೇ?’ ಎಂದು ಪುಸ್ತಕವನ್ನು ತುಸು ಜೋರಾಗಿಯೇ ಮುಚ್ಚುತ್ತೇವೆ.

ಹೀಗೆ ಓದುಗರನ್ನು ನಿರಾಸೆಗೊಳಿಸಿದ ನಾಯಕಿಯರ ಪಟ್ಟಿ ಮಾಡಲು ಹೊರಟರೆ ಮೊದಲ ಸಾಲಿನಲ್ಲೇ ಬರುವ ಹೆಸರು ರೊವೀನಾ. ಸರ್ ವಾಲ್ಟರ್ ಸ್ಕಾಟ್ ಬರೆದ ‘ಐವನ್‌ಹೋ’ ಕಾದಂಬರಿಯ ವಧು ಈಕೆ. ನಿಮ್ಮಲ್ಲಿ ಅನೇಕರು ಇದನ್ನು ಶಾಲಾ ಮಕ್ಕಳಿಗೆಂದು ಕತ್ತರಿಸಿದ ಸಂಕ್ಷಿಪ್ತ ಆವೃತ್ತಿಯಲ್ಲಾದರೂ ಓದಿರಬಹುದು. ಪುಸ್ತಕ ಹೊರಬಂದದ್ದು 1819ರ ಡಿಸೆಂಬರ್ ಕೊನೆಯಲ್ಲಿ. ಮುಖಪುಟದ ಮೇಲೆ 1820 ಎಂದು ಅಚ್ಚಾಗಿತ್ತು. ಅದರ ಮೇಲೆ ಲೇಖಕರ ಹೆಸರಿರಲಿಲ್ಲ, ‘ವೇವರ್ಲಿಯ ಕರ್ತೃ’ ಎಂದಷ್ಟೇ ಇತ್ತು. ತಾನೇ ಆ ಕರ್ತೃವೆಂದು ಸ್ಕಾಟ್ ಬಹಿರಂಗವಾಗಿ ಒಪ್ಪಿಕೊಂಡದ್ದು 1827ರಲ್ಲಿ. ಅಲ್ಲಿಯವರೆಗೆ ಓದುಗರು ಬೈದದ್ದೆಲ್ಲ ಹೆಸರಿಲ್ಲದವನಿಗೇ ಸೇರುತ್ತಿತ್ತು!

ಕಥೆಯನ್ನು ಬೇಗ ಹೇಳಿಬಿಡುತ್ತೇನೆ. ಕಾಲ 1194. ಇಂಗ್ಲೆಂಡಿನ ದೊರೆ ರಿಚರ್ಡ್ ಕ್ರುಸೇಡ್ ಎಂಬ ಧರ್ಮಯುದ್ಧಕ್ಕೆ ಹೋದವನು ಹಿಂದಿರುಗುವ ಹಾದಿಯಲ್ಲಿ ಸೆರೆಸಿಕ್ಕಿದ್ದಾನೆ. ತಮ್ಮ ಜಾನ್ ರಾಜ್ಯ ಕಬಳಿಸಲು ನೋಡುತ್ತಿದ್ದಾನೆ. ಸೆಡ್ರಿಕ್ ಎಂಬ ಹಠಮಾರಿ ಸ್ಯಾಕ್ಸನ್ ಜಮೀನ್ದಾರನಿಗೆ ಒಂದೇ ಕನಸು. ತನ್ನ ಆಶ್ರಯದಲ್ಲಿರುವ, ಆಲ್‌ಫ್ರೆಡ್ ದೊರೆಯ ವಂಶದ ರೊವೀನಾಳನ್ನು ಅಥೆಲ್‌ಸ್ಟನ್ ಎಂಬ ರಾಜವಂಶದ ಸೋಮಾರಿಗೆ ಕೊಟ್ಟು ಮದುವೆ ಮಾಡಿ, ನಾರ್ಮನ್ನರ ಕೈಯಿಂದ ಸ್ಯಾಕ್ಸನ್ ಗದ್ದುಗೆಯನ್ನು ಮರಳಿ ಪಡೆಯಬೇಕು. ಅವನ ಮಗ ವಿಲ್ಫ್ರೆಡ್ ಐವನ್‌ಹೋ ಅದೇ ಹುಡುಗಿಯನ್ನು ಪ್ರೀತಿಸಿದ ತಪ್ಪಿಗೆ ಮನೆ ಕಳೆದುಕೊಂಡು, ರಿಚರ್ಡನ ಹಿಂದೆ ಹೋಗಿ, ಈಗ ಯಾತ್ರಿಕನ ವೇಷದಲ್ಲಿ ಊರಿಗೆ ಬಂದಿದ್ದಾನೆ. ಇವರೆಲ್ಲರ ನಡುವೆ ಯಾರ್ಕ್ ಪಟ್ಟಣದ ಯಹೂದಿ ಲೇವಾದೇವಿಗಾರ ಐಸಾಕ್. ಅವನ ಮಗಳು ರೆಬೆಕಾ.

ಈ ರೆಬೆಕಾಳೇ ಎಲ್ಲ ಸಮಸ್ಯೆಯ ಮೂಲ. ಅವಳು ಕಾದಂಬರಿಯೊಳಗೆ ಕಾಲಿಟ್ಟ ಮೇಲೆ ರೊವೀನಾ ಮಸುಕಾಗಿಬಿಡುತ್ತಾಳೆ.

ಒಂದೇ ಒಂದು ಪ್ರಸಂಗ ನೋಡಿ. ಟಾರ್ಕಿಲ್‌ಸ್ಟನ್ ಎಂಬ ಕೋಟೆಯಲ್ಲಿ ಇಬ್ಬರು ಹುಡುಗಿಯರೂ ಸೆರೆಯಾಗಿದ್ದಾರೆ, ಬೇರೆ ಬೇರೆ ಕೋಣೆಗಳಲ್ಲಿ. ಡಿ ಬ್ರೇಸಿ ಎಂಬ ನಾರ್ಮನ್ ಸರದಾರ ರೊವೀನಾಳ ಕೋಣೆಗೆ ಬಂದು ಮದುವೆಯಾಗೆಂದು ಒತ್ತಾಯಿಸುತ್ತಾನೆ. ಹುಟ್ಟಿದಂದಿನಿಂದ ತನ್ನ ಮಾತು ನಡೆದೇ ಗೊತ್ತಿರುವ ರೊವೀನಾ ಮೊದಲು ಗತ್ತಿನಿಂದ ಉತ್ತರಿಸುತ್ತಾಳೆ. ಮಾತು ನಡೆಯುವುದಿಲ್ಲವೆಂದು ಗೊತ್ತಾದ ಕೂಡಲೇ ಅಳುತ್ತಾಳೆ. ಅದೇ ಹೊತ್ತಿಗೆ ಮೇಲಿನ ಗೋಪುರದಲ್ಲಿ ಬ್ವಾ-ಗಿಲ್ಬೆರ್ ಎಂಬ ಟೆಂಪ್ಲರ್ ಪಂಥದ ಯೋಧ, ಬ್ರಹ್ಮಚರ್ಯದ ದೀಕ್ಷೆ ತೊಟ್ಟವನು, ರೆಬೆಕಾಳ ಮೇಲೆ ಕೈಮಾಡಲು ಬರುತ್ತಾನೆ. ಅವಳು ಕಿಟಕಿ ತೆರೆದು ಹೊರಗಿನ ಗೋಡೆಯ ಅಂಚಿನ ಮೇಲೆ ನಿಲ್ಲುತ್ತಾಳೆ. ಕೆಳಗೆ ಪಾತಾಳ. ಒಂದು ಹೆಜ್ಜೆ ಮುಂದಿಟ್ಟರೆ ಹಾರುತ್ತೇನೆ ಎನ್ನುತ್ತಾಳೆ. ಹಾರಿಯೇ ಹಾರುತ್ತಾಳೆಂದು ಅವನಿಗೆ ಖಾತರಿಯಾಗುತ್ತದೆ, ಹಿಂದೆ ಸರಿಯುತ್ತಾನೆ. ಕೋಟೆಯ ಹೊರಗೆ ಮೊಳಗಿದ ಒಂದೇ ಕಹಳೆ ಈ ಎರಡೂ ದೃಶ್ಯಗಳನ್ನು ನಿಲ್ಲಿಸುತ್ತದೆ. ಸ್ಕಾಟ್ ಬೇಕೆಂದೇ ತಕ್ಕಡಿಯ ಎರಡು ತಟ್ಟೆಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದ್ದಾನೆ. ಹೀಗೆ ತೂಗಿ ತೋರಿಸಿದ ಮೇಲೂ ಹಗುರವಾದದ್ದಕ್ಕೇ ಮಾಲೆ ಹಾಕಿದರೆ ಓದುಗ ಸುಮ್ಮನಿರುತ್ತಾನೆಯೇ?

ರೊವೀನಾಳ ಪರವಾಗಿ ಒಂದು ಮಾತು ಹೇಳಲೇಬೇಕು. ಅವಳು ಕೆಟ್ಟವಳಲ್ಲ. ಕಾಡಿನ ದಾರಿಯಲ್ಲಿ ಐಸಾಕ್ ಮತ್ತು ರೆಬೆಕಾ ತಮ್ಮನ್ನೂ ಜೊತೆಗೆ ಕರೆದೊಯ್ಯಿರೆಂದು ಅಂಗಲಾಚಿದಾಗ, ಉಳಿದವರು ಮೂಗು ಮುರಿದರೂ ಅವರನ್ನು ಕೈಬಿಡಬಾರದೆಂದು ಹೇಳುವವಳು ಅವಳೇ. ಅವಳ ಕಷ್ಟವೆಂದರೆ ಕಥೆಯಲ್ಲಿ ಅವಳಿಗೆ ಕೆಲಸವೇ ಇಲ್ಲ. ಕ್ರೀಡಾಂಗಣದಲ್ಲಿ ಸೌಂದರ್ಯದ ರಾಣಿಯಾಗಿ ಕುಳಿತುಕೊಳ್ಳುವುದು, ಗೆದ್ದವನ ತಲೆಗೆ ಕಿರೀಟವಿಡುವುದು, ಸೆರೆಸಿಕ್ಕುವುದು, ಬಿಡುಗಡೆಯಾಗುವುದು. ನಮ್ಮ ಹಳೆಯ ಪೌರಾಣಿಕ ಚಿತ್ರಗಳಲ್ಲಿ ಸಿಂಹಾಸನದ ಪಕ್ಕ ಹೂಮಾಲೆ ಹಿಡಿದು ನಿಲ್ಲುವ ಪಾತ್ರಗಳನ್ನು ನೆನಪಿಸಿಕೊಳ್ಳಿ. ನಟಿಯ ತಪ್ಪೇನೂ ಇರುವುದಿಲ್ಲ.

ಹಾಗಾದರೆ ನಮ್ಮ ಸಿಟ್ಟು ಯಾರ ಮೇಲೆ ಹೋಗಬೇಕು? ನನ್ನ ಉತ್ತರ: ಐವನ್‌ಹೋನ ಮೇಲೆ. ಈ ಪ್ರೇಮಕಥೆಯಲ್ಲಿ ನಿಜವಾಗಿ ನಿರಾಸೆ ಹುಟ್ಟಿಸುವ ಪ್ರೇಮಿ ಅವನು.

ಸುದ್ದಿಮನೆಯಲ್ಲಿ ಕೆಲಸ ಮಾಡುವ ನಮಗೆ ಯಾರು, ಎಲ್ಲಿ, ಯಾವಾಗ ಎಂದು ಕೇಳುವುದನ್ನು ಮೊದಲ ದಿನವೇ ಕಲಿಸುತ್ತಾರೆ. ಅದೇ ಪ್ರಶ್ನೆಗಳನ್ನು ಈ ನಾಯಕನಿಗೆ ಕೇಳಿ ನೋಡಿ. ಪುಸ್ತಕದಲ್ಲಿ ಒಟ್ಟು 44 ಅಧ್ಯಾಯಗಳಿವೆ. 12ನೆಯ ಅಧ್ಯಾಯದಲ್ಲಿ ಗಾಯಗೊಂಡು ಬೀಳುವ ಐವನ್‌ಹೋ ಮತ್ತೆ ಕುದುರೆ ಹತ್ತುವುದು ಕೊನೆಯ ಕೆಲವೇ ಅಧ್ಯಾಯಗಳಲ್ಲಿ. ನಡುವೆ ಕೋಟೆ ಹಿಡಿಯುವವನು ವೇಷ ಮರೆಸಿಕೊಂಡ ರಿಚರ್ಡ್, ಬಾಣ ಬಿಡುವವನು ರಾಬಿನ್ ಹುಡ್, ಪ್ರಾಣ ಒತ್ತೆಯಿಟ್ಟು ಒಡೆಯನನ್ನು ಬಿಡಿಸುವವನು ಸೆಡ್ರಿಕ್‌ನ ವಿದೂಷಕ ವಾಂಬಾ. ನಾಯಕ ಹಾಸಿಗೆಯಲ್ಲಿದ್ದಾನೆ. ಅವನ ಗಾಯಕ್ಕೆ ಔಷಧ ಕಟ್ಟುತ್ತಿರುವವಳು ರೆಬೆಕಾ.

ಹಾಸಿಗೆ ಹಿಡಿದದ್ದಕ್ಕೆ ಯಾರನ್ನೂ ದೂರಬಾರದು, ನಿಜ. ದೂರಬೇಕಾದದ್ದು ಆ ಹಾಸಿಗೆಯ ಪಕ್ಕದಲ್ಲಿ ನಡೆದ ಒಂದು ಕ್ಷಣದ ಘಟನೆಯನ್ನು. ಐವನ್‌ಹೋ ಎಚ್ಚರಗೊಂಡಾಗ ಪೂರ್ವದೇಶದ ಉಡುಪಿನ ಸುಂದರಿಯೊಬ್ಬಳು ಆರೈಕೆ ಮಾಡುತ್ತಿದ್ದಾಳೆ. ತಾನಿನ್ನೂ ಪ್ಯಾಲೆಸ್ತೀನಿನಲ್ಲಿದ್ದೇನೆಂದು ಭ್ರಮಿಸಿ ಅರಬ್ಬಿಯಲ್ಲಿ ಮಾತನಾಡಿಸುತ್ತಾನೆ. ಅವನ ಕಣ್ಣಿನಲ್ಲಿ ಗೌರವವಿದೆ, ಮೆಚ್ಚುಗೆಯಿದೆ, ತುಸು ಮಾರ್ದವವೂ ಇದೆ. ರೆಬೆಕಾ ಅದನ್ನು ನೋಡುತ್ತಾಳೆ. ನೋಡಿದ ಕಾರಣದಿಂದಲೇ, ತಡಮಾಡದೆ, ತಾನು ಯಾರ್ಕಿನ ಐಸಾಕನ ಮಗಳೆಂದು ಹೇಳಿಬಿಡುತ್ತಾಳೆ. ಆ ನೋಟ ಅಲ್ಲಿಯೇ ತಣ್ಣಗಾಗುತ್ತದೆ. ಮಾತಿನಲ್ಲಿ ಸೌಜನ್ಯ ಉಳಿಯುತ್ತದೆ, ಉಪಕಾರಸ್ಮರಣೆ ಉಳಿಯುತ್ತದೆ, ಆದರೆ ಮುಖದ ಮೇಲೆ ಒಂದು ತೆರೆ ಬೀಳುತ್ತದೆ. ಹೀಗಾಗುತ್ತದೆಂದು ಅವಳಿಗೆ ಮೊದಲೇ ಗೊತ್ತಿತ್ತು, ಆದರೂ ಒಳಗೊಳಗೇ ನಿಟ್ಟುಸಿರಿಡದೆ ಇರಲಾಗಲಿಲ್ಲ ಎಂದು ಸ್ಕಾಟ್ ಬರೆಯುತ್ತಾನೆ. ಐವನ್‌ಹೋ ಒಳ್ಳೆಯ ಕ್ಯಾಥೊಲಿಕನಾಗಿದ್ದರಿಂದ ಯಹೂದಿ ಹೆಣ್ಣಿನ ಬಗ್ಗೆ ಅಂಥ ಭಾವನೆಯನ್ನು ಉಳಿಸಿಕೊಳ್ಳುವಂತಿರಲಿಲ್ಲ ಎಂದು ಒಂದು ವಿವರಣೆಯನ್ನೂ ಸೇರಿಸುತ್ತಾನೆ. ಅದು ಸಮರ್ಥನೆಯೋ ವ್ಯಂಗ್ಯವೋ ನೀವೇ ಓದಿ ತೀರ್ಮಾನಿಸಿ. ನನಗಂತೂ ವ್ಯಂಗ್ಯವೆಂದೇ ಕಾಣುತ್ತದೆ.

ಹೆಸರು ಕೇಳಿ, ಮನೆತನ ಕೇಳಿ, ಆಮೇಲೆ ಬದಲಾಗುವ ಮುಖ. ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ದೇಶದ ಓದುಗನಿಗೆ ಹನ್ನೆರಡನೆಯ ಶತಮಾನದ ಇಂಗ್ಲೆಂಡಿನ ಇತಿಹಾಸ ಬೇಕಾಗಿಲ್ಲ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಇದೇ ಐವನ್‌ಹೋ ಕಥೆಯ ಆರಂಭದಲ್ಲಿ ತಂದೆಯ ಮನೆಯಲ್ಲಿ ಯಾತ್ರಿಕನ ವೇಷದಲ್ಲಿ ಕುಳಿತಿದ್ದಾಗ, ಮಳೆಯಲ್ಲಿ ನೆನೆದು ಬಂದ ಮುದುಕ ಐಸಾಕನಿಗೆ ಊಟದ ಮನೆಯಲ್ಲಿ ಯಾರೂ ಜಾಗ ಕೊಡುವುದಿಲ್ಲ. ಒಲೆಯ ಪಕ್ಕದ ತನ್ನ ಜಾಗವನ್ನು ಬಿಟ್ಟುಕೊಡುವವನು ಐವನ್‌ಹೋ. ಕೊನೆಯಲ್ಲಿ ರೆಬೆಕಾಳ ಮೇಲೆ ಮಾಟಗಾತಿಯೆಂಬ ಆರೋಪ ಹೊರಿಸಿ ಸುಡಲು ಸೌದೆ ಒಟ್ಟಿದಾಗ, ಅವಳ ಪರವಾಗಿ ಕಾದಾಡಲು ಇನ್ನೂ ಮಾಯದ ಗಾಯದೊಡನೆ, ಬಳಲಿದ ಕುದುರೆಯ ಮೇಲೆ ಓಡಿಬರುವವನೂ ಅವನೇ. (ಆ ಕಾಳಗದಲ್ಲಿ ಅವನು ಗೆದ್ದ ಎನ್ನುವುದೂ ಕಷ್ಟ. ಭರ್ಜಿ ತಾಗಿದ ಕೂಡಲೇ ಕುದುರೆ ಸಮೇತ ಉರುಳುತ್ತಾನೆ. ಎದುರಾಳಿ ಬ್ವಾ-ಗಿಲ್ಬೆರ್ ಸಾಯುವುದು ಭರ್ಜಿಯ ಏಟಿನಿಂದಲ್ಲ, ತನ್ನೆದೆಯೊಳಗಿನ ಬಡಿದಾಟದಿಂದ.) ಜಾಗ ಬಿಟ್ಟುಕೊಡಬಲ್ಲ, ಪ್ರಾಣವನ್ನೂ ಕೊಡಬಲ್ಲ, ಆದರೆ ಮೊದಲಿನ ಕಣ್ಣಿನಿಂದ ಇನ್ನೊಮ್ಮೆ ನೋಡಲಾರ. ನೀಚನಾಗಿದ್ದರೆ ಅವನನ್ನು ದ್ವೇಷಿಸಿ ಮರೆತುಬಿಡಬಹುದಿತ್ತು. ಒಳ್ಳೆಯವನಾಗಿಯೂ ಇಷ್ಟೇ ಎನ್ನುವುದು ಓದುಗನಿಗೆ ಚುಚ್ಚುತ್ತದೆ.

ಗೋಪುರದ ಕಿಟಕಿಯ ಪ್ರಸಂಗ ಇಡೀ ಪುಸ್ತಕದಲ್ಲೇ ಶ್ರೇಷ್ಠವಾದದ್ದು. ಹೊರಗೆ ಮುತ್ತಿಗೆ ನಡೆದಿದೆ. ಏಳಲಾರದ ನಾಯಕ ಚಡಪಡಿಸುತ್ತಾನೆ. ರೆಬೆಕಾ ಹಳೆಯ ಗುರಾಣಿಯೊಂದನ್ನು ಮರೆಮಾಡಿಕೊಂಡು, ಬಾಣಗಳ ನಡುವೆ ಕಿಟಕಿಯಲ್ಲಿ ನಿಂತು ಯುದ್ಧವನ್ನು ವರ್ಣಿಸುತ್ತಾಳೆ. ನಮ್ಮ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ ಅದೊಂದು ಅಪ್ಪಟ ವೀಕ್ಷಕ ವಿವರಣೆ. ಹೆಣ ಬೀಳುವುದನ್ನು ಕಂಡು ಅವಳು ನೊಂದುಕೊಂಡಾಗ ಇವನು ಕ್ಷಾತ್ರದ ಮಹಿಮೆಯ ಉಪನ್ಯಾಸ ಶುರು ಮಾಡುತ್ತಾನೆ. ಸತ್ತ ಮೇಲೆ ಗೋರಿಯ ಮೇಲಿನ ತುಕ್ಕು ಹಿಡಿದ ಕವಚವಲ್ಲದೆ ಇನ್ನೇನು ಸಿಗುತ್ತದೆ ಎಂದು ಅವಳು ಕೇಳುತ್ತಾಳೆ. ನೀನು ಕ್ರೈಸ್ತಳಲ್ಲ, ಈ ಉನ್ನತ ಭಾವನೆಗಳು ನಿನಗೆ ತಿಳಿಯವು ಎಂದು ಇವನ ಉತ್ತರ. ಪ್ರಾಣ ಉಳಿಸಿದವಳಿಗೆ ಹೇಳುವ ಮಾತೇ ಅದು? ಇಷ್ಟು ಹೇಳಿ ದಣಿದ ಮಹಾಶಯ ನಿದ್ದೆ ಹೋಗುತ್ತಾನೆ. ಅವಳು ಮಲಗಿದವನನ್ನು ಒಂದು ಗಳಿಗೆ ನೋಡಿ, ಮನಸ್ಸು ಗಟ್ಟಿ ಮಾಡಿಕೊಂಡು, ಅವನಿಗೆ ಬೆನ್ನು ಹಾಕಿ ಕುಳಿತುಕೊಳ್ಳುತ್ತಾಳೆ.

ಓದುಗರ ಆಕ್ಷೇಪ ಸ್ಕಾಟನಿಗೆ ಮುಟ್ಟದೆ ಇರಲಿಲ್ಲ. 1830ರಲ್ಲಿ ಹೊಸ ಆವೃತ್ತಿಗೆ ಬರೆದ ಮುನ್ನುಡಿಯಲ್ಲಿ ಅವನು ನೇರವಾಗಿ ಉತ್ತರ ಕೊಟ್ಟ. ಎರಡು ಕಾರಣ ಹೇಳಿದ. ಆ ಕಾಲದ ಪೂರ್ವಗ್ರಹಗಳು ಅಂಥ ಮದುವೆಯನ್ನು ಹೆಚ್ಚುಕಡಿಮೆ ಅಸಾಧ್ಯವಾಗಿಸಿದ್ದವು ಎನ್ನುವುದು ಒಂದು. ಉದಾತ್ತ ಗುಣಕ್ಕೆ ಲೌಕಿಕ ಸುಖವನ್ನು ಬಹುಮಾನವಾಗಿ ಕೊಡುವುದು ಆ ಗುಣವನ್ನು ಕೀಳು ಮಾಡಿದಂತೆ, ಸದ್ಗುಣಿಗಳಿಗೆ ಸುಖ ಸಿಕ್ಕೇ ಸಿಗುತ್ತದೆಂದು ಯುವಜನರಿಗೆ ಕಲಿಸಬಾರದು ಎನ್ನುವುದು ಇನ್ನೊಂದು. ಎರಡನೆಯದು ನನಗೆ ಒಪ್ಪಿಗೆಯಾಗಲಿಲ್ಲ. ಹಾಗಾದರೆ ರೊವೀನಾಳಿಗೆ ಕೊಟ್ಟ ಬಹುಮಾನ ಯಾವ ಲೆಕ್ಕಕ್ಕೆ?

ಮೊದಲನೆಯ ಕಾರಣಕ್ಕೆ ಮಾತ್ರ ತೂಕವಿದೆ. ಕಾದಂಬರಿಯ ಕಾಲಕ್ಕೆ ನಾಲ್ಕೇ ವರ್ಷ ಹಿಂದೆ, 1190ರ ಮಾರ್ಚ್‌ನಲ್ಲಿ, ಐಸಾಕನ ಊರಾದ ಯಾರ್ಕಿನಲ್ಲಿ ದೊಂಬಿಗೆ ಹೆದರಿ ಕೋಟೆಯೊಳಗೆ ಆಶ್ರಯ ಪಡೆದಿದ್ದ ಸುಮಾರು 150 ಯಹೂದಿಗಳು ಸತ್ತರು. ಬಹಳ ಮಂದಿ ಪರರ ಕೈಗೆ ಸಿಗುವ ಬದಲು ತಾವೇ ಪ್ರಾಣ ಬಿಟ್ಟರು. 1222ರಲ್ಲಿ, ಯಹೂದಿ ಹೆಣ್ಣನ್ನು ಪ್ರೀತಿಸಿ ಅವಳ ಧರ್ಮ ಸ್ವೀಕರಿಸಿದ ಒಬ್ಬ ಕ್ರೈಸ್ತ ಡೀಕನ್‌ಗೆ ಆಕ್ಸ್‌ಫರ್ಡ್‌ನಲ್ಲಿ ವಿಚಾರಣೆ ನಡೆಸಿ ಸುಟ್ಟರು. 1290ರಲ್ಲಿ ಒಂದನೆಯ ಎಡ್ವರ್ಡ್ ದೊರೆ ಯಹೂದಿಗಳೆಲ್ಲರನ್ನೂ ದೇಶದಿಂದಲೇ ಹೊರಹಾಕಿದ. ಅವರು ಮತ್ತೆ ಬಹಿರಂಗವಾಗಿ ನೆಲೆಸಲು ಸಾಧ್ಯವಾದದ್ದು 1656ರಲ್ಲಿ, ಕ್ರಾಮ್‌ವೆಲ್ ಕಾಲಕ್ಕೆ. ಸ್ಕಾಟ್ ಈ ಪುಸ್ತಕ ಬರೆಯುವಾಗಲೂ ಯಹೂದಿಯೊಬ್ಬ ಬ್ರಿಟನ್ನಿನ ಪಾರ್ಲಿಮೆಂಟಿನಲ್ಲಿ ಕೂರುವಂತಿರಲಿಲ್ಲ. ಲಯನೆಲ್ ಡಿ ರಾತ್‌ಶೀಲ್ಡ್ ಹಾಗೆ ಕುಳಿತ ಮೊದಲಿಗ, ಅದು 1858ರಲ್ಲಿ. ಇಂಥ ನೆಲದಲ್ಲಿ ಐವನ್‌ಹೋ ಮತ್ತು ರೆಬೆಕಾರಿಗೆ ಮದುವೆ ಮಾಡಿಸಿ ಸುಖವಾಗಿದ್ದರೆಂದು ಬರೆದಿದ್ದರೆ ಓದುಗರಿಗೆ ಸಂತೋಷವಾಗುತ್ತಿತ್ತು, ಸತ್ತವರಿಗೆ ಅನ್ಯಾಯವಾಗುತ್ತಿತ್ತು.

ಹಾಗೆಂದು ಸ್ಕಾಟ್ ಇತಿಹಾಸಕ್ಕೆ ಅಂಥ ನಿಷ್ಠನೇನೂ ಅಲ್ಲ. ರೆಬೆಕಾ ಕೊನೆಗೆ ತಂದೆಯೊಡನೆ ಗ್ರಾನಡಾಕ್ಕೆ, ಬೊಆಬ್ದಿಲ್ ದೊರೆಯ ಆಶ್ರಯಕ್ಕೆ ಹೊರಡುತ್ತಾಳೆ. ಬೊಆಬ್ದಿಲ್ 1492ರಲ್ಲಿ ಗ್ರಾನಡಾ ಕಳೆದುಕೊಂಡ ದೊರೆ. ರೆಬೆಕಾಳಿಗಿಂತ ಮುನ್ನೂರು ವರ್ಷ ಈಚಿನವನು! ಇದಕ್ಕಿಂತ ತಮಾಷೆಯದು ಅಥೆಲ್‌ಸ್ಟನ್ನನ ಪ್ರಕರಣ. ತಲೆಗೆ ಏಟು ಬಿದ್ದು ಸತ್ತ ಅವನು ತನ್ನದೇ ತಿಥಿಯೂಟದ ದಿನ ಎದ್ದು ಬರುತ್ತಾನೆ. ಪುಸ್ತಕ ಮುದ್ರಿಸುತ್ತಿದ್ದ ಗೆಳೆಯ ಅವನ ಸಾವಿನಿಂದ ಬಹಳ ದುಃಖಪಟ್ಟು ಕಾಡಿದ್ದರಿಂದ ಬದುಕಿಸಬೇಕಾಯಿತೆಂದು ಸ್ಕಾಟ್ ಅಡಿಟಿಪ್ಪಣಿಯಲ್ಲೇ ಹೇಳಿಕೊಂಡಿದ್ದಾನೆ. ಮುದ್ರಕನೊಬ್ಬನ ಮಾತಿಗೆ ಸತ್ತವನನ್ನು ಎಬ್ಬಿಸಿದ ಲೇಖಕ, ಸಾವಿರಾರು ಓದುಗರು ಕೇಳಿದರೂ ರೆಬೆಕಾಳ ಮದುವೆ ಮಾತ್ರ ಮಾಡಿಸಲಿಲ್ಲ. ತಾರೀಖಿನಲ್ಲಿ ಸಡಿಲ ಬಿಟ್ಟವನು ಇಲ್ಲಿ ಸಡಿಲ ಬಿಡಲಿಲ್ಲ. ಅದಕ್ಕಾಗಿ ನಾನು ಅವನನ್ನು ಮೆಚ್ಚುತ್ತೇನೆ.

ಓದುಗರ ಅತೃಪ್ತಿಗೆ ಬೀಜ ಹಾಕಿದವನೂ ಅವನೇ ಎಂಬುದನ್ನು ಮರೆಯಬಾರದು. ಮದುವೆಯಾದ ಮರುದಿನವೋ ಮೂರನೆಯ ದಿನವೋ ರೆಬೆಕಾ ಬಂದು ರೊವೀನಾಳಿಗೆ ವಜ್ರದ ಒಡವೆಗಳ ಪೆಟ್ಟಿಗೆ ಕೊಡುತ್ತಾಳೆ. ಇಲ್ಲೇ ಇರು, ನಮ್ಮ ಧರ್ಮಕ್ಕೆ ಬಾ, ಅಕ್ಕತಂಗಿಯರಂತೆ ಇರೋಣ ಎನ್ನುತ್ತಾಳೆ ರೊವೀನಾ. ಧರ್ಮವನ್ನು ಬಟ್ಟೆಯಂತೆ ಬದಲಾಯಿಸಲು ಆಗದೆಂದು ರೆಬೆಕಾ ಹೇಳುತ್ತಾಳೆ. ಮುಂದಿನ ಬಾಳನ್ನು ರೋಗಿಗಳ ಶುಶ್ರೂಷೆಗೆ ಕೊಡುವುದಾಗಿ ಹೇಳಿ ಹೊರಟುಹೋಗುತ್ತಾಳೆ. ಆಮೇಲೆ ದಂಪತಿಗಳು ಸುಖವಾಗಿದ್ದರು ಎಂದು ಬರೆಯುವ ಸ್ಕಾಟ್ ಅದೇ ಉಸಿರಿನಲ್ಲಿ, ರೆಬೆಕಾಳ ರೂಪ ಮತ್ತು ದೊಡ್ಡ ಮನಸ್ಸು ಐವನ್‌ಹೋನಿಗೆ ಹೆಂಡತಿ ಮೆಚ್ಚುವುದಕ್ಕಿಂತ ಹೆಚ್ಚಾಗಿ ನೆನಪಾಗುತ್ತಿತ್ತೋ ಏನೋ, ಅದನ್ನು ಕೆದಕುವುದು ಬೇಡ ಎಂದುಬಿಡುತ್ತಾನೆ. ಕೆದಕಬೇಡಿ ಎಂದರೆ ಕೆದಕದೆ ಇರುವವರು ಯಾರು!

ಕೆದಕಿದವರಲ್ಲಿ ಮೊದಲಿಗರ ಸಾಲಿನಲ್ಲಿ ಬರುವವನು ವಿಲಿಯಂ ಥ್ಯಾಕರೆ. ಐವನ್‌ಹೋ ಕಥೆಯನ್ನು ಮುಂದುವರಿಸುವ ಬಗ್ಗೆ 1846ರಲ್ಲಿ ಪತ್ರಿಕೆಯೊಂದರಲ್ಲಿ ಬರೆದ. ಅದನ್ನೇ ಬೆಳೆಸಿ 1850ರ ಹೊತ್ತಿಗೆ ‘ರೆಬೆಕಾ ಅಂಡ್ ರೊವೀನಾ’ ಎಂಬ ಹಾಸ್ಯದ ಪುಸ್ತಕ ಮಾಡಿದ. ಅವನ ರೊವೀನಾ ಗಂಡನನ್ನು ಮಾತುಮಾತಿಗೂ ಕುಟುಕುವ, ಜಪಮಾಲೆ ಹಿಡಿದ ಗಯ್ಯಾಳಿ. ಗಂಡ ಸತ್ತನೆಂಬ ಸುದ್ದಿ ಬಂದದ್ದೇ ತಡ, ಅಥೆಲ್‌ಸ್ಟನ್ನನನ್ನು ಮದುವೆಯಾಗುತ್ತಾಳೆ. ಸಾಯುವಾಗ ಐವನ್‌ಹೋನಿಂದ ಯಹೂದಿ ಹೆಣ್ಣನ್ನು ಮದುವೆಯಾಗುವುದಿಲ್ಲವೆಂದು ಮಾತು ತೆಗೆದುಕೊಳ್ಳುತ್ತಾಳೆ. ಐವನ್‌ಹೋ ಸ್ಪೇನಿಗೆ ಹೋಗಿ ರೆಬೆಕಾಳನ್ನು ಹುಡುಕಿ ಮದುವೆಯಾಗುತ್ತಾನೆ. ಕೊಟ್ಟ ಮಾತು ಏನಾಯಿತು ಎನ್ನುತ್ತೀರಾ? ರೆಬೆಕಾ ಅಷ್ಟು ಹೊತ್ತಿಗೆ ಕ್ರೈಸ್ತಳಾಗಿಬಿಟ್ಟಿದ್ದಾಳೆ!

ಇಲ್ಲಿ ನಗು ನಿಲ್ಲುತ್ತದೆ. ಸ್ಕಾಟನ ತಪ್ಪು ತಿದ್ದಲು ಹೊರಟ ಥ್ಯಾಕರೆಗೂ ಅವಳನ್ನು ಅವಳಿದ್ದಂತೆಯೇ ಮದುವೆ ಮಾಡಿಸಲಾಗಲಿಲ್ಲ. ಸುಡುವ ಸೌದೆಯ ಮುಂದೆ ನಿಂತೂ ಧರ್ಮ ಬಿಡದವಳಿಂದ ಮದುವೆಯ ಚಪ್ಪರಕ್ಕಾಗಿ ಅದನ್ನು ಬಿಡಿಸಿದರೆ, ಗೆದ್ದವಳು ರೆಬೆಕಾ ಹೇಗಾದಾಳು? ಥ್ಯಾಕರೆಗೂ ಒಳಗೆ ಇದು ಹೊಳೆದಿರಬೇಕು. ಆ ಜೋಡಿಗೆ ಮಕ್ಕಳಾಗಲಿಲ್ಲ, ಅವರ ಸುಖದಲ್ಲಿ ಒಂದು ವಿಷಾದ ಬೆರೆತಿತ್ತು, ಬೇಗನೆ ತೀರಿಕೊಂಡರು ಎಂದು ಮುಗಿಸುತ್ತಾನೆ.

ಜಾರ್ಜ್ ಎಲಿಯಟ್‌ಳ ಸಿಟ್ಟು ಇದಕ್ಕಿಂತ ಆಳವಾದದ್ದು. 1860ರ ‘ದಿ ಮಿಲ್ ಆನ್ ದಿ ಫ್ಲಾಸ್’ ಕಾದಂಬರಿಯ ಮ್ಯಾಗಿ ಎಂಬ ಕಪ್ಪು ಕೂದಲಿನ ಹುಡುಗಿ, ಹೊಂಗೂದಲಿನ ಹೆಣ್ಣುಗಳೇ ಎಲ್ಲ ಸುಖವನ್ನೂ ಹೊತ್ತೊಯ್ಯುವ ಪುಸ್ತಕಗಳನ್ನು ಇನ್ನು ಓದುವುದಿಲ್ಲ ಎನ್ನುತ್ತಾಳೆ. ರೆಬೆಕಾಳ ಪರವಾಗಿ ಸೇಡು ತೀರಿಸಿಕೊಳ್ಳಬೇಕೆಂಬ ಆಸೆ ಅವಳಿಗೆ. ಎಲಿಯಟ್ 1876ರಲ್ಲಿ ‘ಡೇನಿಯಲ್ ಡಿರೋಂಡಾ’ ಬರೆದಾಗ ಯಹೂದಿ ಹುಡುಗಿ ಮಿರಾಳಿಗೆ ನಾಯಕನ ಕೈ ಸಿಕ್ಕಿತು. ಆದರೆ ನಾಯಕನೂ ಹುಟ್ಟಿನಿಂದ ಯಹೂದಿ ಎಂದು ಕಥೆಯಲ್ಲಿ ಬಯಲಾದ ಮೇಲೆ!

1952ರಲ್ಲಿ ಹಾಲಿವುಡ್ ಈ ಕಥೆಯನ್ನು ಚಿತ್ರ ಮಾಡಿತು. ರೊವೀನಾ ಆಗಿ ಜೋನ್ ಫಾಂಟೇನ್, ರೆಬೆಕಾ ಆಗಿ ಎಲಿಜಬೆತ್ ಟೇಲರ್, ನಾಯಕನಾಗಿ ರಾಬರ್ಟ್ ಟೇಲರ್. ಪ್ರೇಕ್ಷಕರ ಕಣ್ಣು ಯಾರ ಮೇಲಿತ್ತೆಂದು ಬೇರೆ ಹೇಳಬೇಕಿಲ್ಲ. ಮದುವೆ ಮಾತ್ರ ಬದಲಾಗಲಿಲ್ಲ.

ಈಗಿನ ಐತಿಹಾಸಿಕ ಪ್ರಣಯ ಕಾದಂಬರಿಗಳೂ ಟಿ.ವಿ. ಧಾರಾವಾಹಿಗಳೂ ಈ ತೊಡಕಿಗೆ ಸುಲಭದ ದಾರಿ ಕಂಡುಕೊಂಡಿವೆ. ನಾಯಕನಿಗೆ ಹಳೆಯ ಕಾಲದ ಅಂಗಿ ತೊಡಿಸಿ ನಮ್ಮ ಕಾಲದ ಮನಸ್ಸು ಕೊಡುತ್ತಾರೆ. ಊರೆಲ್ಲ ಜಾತಿ ನೋಡಿದರೂ ಅವನೊಬ್ಬ ನೋಡುವುದಿಲ್ಲ. ಯಾರಿಗೂ ನಿರಾಸೆಯಾಗುವುದಿಲ್ಲ. ಆದರೆ ಹಾಗಿದ್ದರೆ ಊರು ಅಷ್ಟು ಕೆಟ್ಟದ್ದು ಹೇಗಾಯಿತು, ಅದರಲ್ಲಿದ್ದವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ಐವನ್‌ಹೋನ ತಣ್ಣಗಾದ ಕಣ್ಣು ಆ ಪ್ರಶ್ನೆಗೆ ಉತ್ತರ ಹೇಳುತ್ತದೆ.

ಕೊನೆಯದಾಗಿ ನಮ್ಮ ಮನೆಯ ಹತ್ತಿರದ ಒಂದು ಉದಾಹರಣೆ. ಬಂಕಿಮಚಂದ್ರರ ಮೊದಲ ಬಂಗಾಳಿ ಕಾದಂಬರಿ ‘ದುರ್ಗೇಶನಂದಿನಿ’ 1865ರಲ್ಲಿ ಬಂತು. ಬಿ. ವೆಂಕಟಾಚಾರ್ಯರು ಅದನ್ನು ಕನ್ನಡಕ್ಕೆ ತಂದರು. ಕನ್ನಡದ ಗದ್ಯ ಕಾದಂಬರಿ ಇನ್ನೂ ಅಂಬೆಗಾಲಿಡುತ್ತಿದ್ದ ಕಾಲ ಅದು. ನಮ್ಮ ಅಜ್ಜ ಮುತ್ತಜ್ಜಿಯರಿಗೆ ಕಾದಂಬರಿಯ ರುಚಿ ಹತ್ತಿಸಿದವರಲ್ಲಿ ಆಚಾರ್ಯರು ಪ್ರಮುಖರು. ಅಕ್ಬರನ ಕಾಲದ ಕಥೆ. ರಜಪೂತ ವೀರ ಜಗತ್‌ಸಿಂಹ ಗಾಯಗೊಂಡು ಪಠಾಣರ ಸೆರೆಯಲ್ಲಿದ್ದಾನೆ. ಆರೈಕೆ ಮಾಡುವವಳು ಪಠಾಣರ ನಾಯಕ ಕತ್ಲುಖಾನನ ಮಗಳು ಆಯೇಷಾ. ಅವಳಿಗೆ ಅವನ ಮೇಲೆ ಪ್ರೇಮ. ಅವನ ಮನಸ್ಸು ತಿಲೋತ್ತಮೆಯ ಮೇಲೆ. ಇದು ಐವನ್‌ಹೋನ ನೆರಳೆಂದು ಅಂದಿನಿಂದಲೂ ಹೇಳುತ್ತಾರೆ. ಇದನ್ನು ಬರೆಯುವ ಮೊದಲು ಐವನ್‌ಹೋ ಓದಿರಲಿಲ್ಲವೆಂದು ಬಂಕಿಮರು ಹೇಳಿದ್ದುಂಟು. ಆ ವಾದ ವಿದ್ವಾಂಸರಿಗಿರಲಿ.

ನಾಯಕನ ಮಾತಿಗೆ ಬಂದರೆ ಜಗತ್‌ಸಿಂಹ ಐವನ್‌ಹೋನಿಗೇನೂ ಕಡಿಮೆಯಿಲ್ಲ. ಶತ್ರುವಿನ ಅಂತಃಪುರದಲ್ಲಿ ಸೆರೆಯಿದ್ದಳೆಂಬ ಕಾರಣಕ್ಕೆ ತಿಲೋತ್ತಮೆಯ ಶೀಲವನ್ನೇ ಶಂಕಿಸಿ ಮುಖ ತಿರುಗಿಸುತ್ತಾನೆ. ಸಾಯುತ್ತಿರುವ ಕತ್ಲುಖಾನ ಅವಳು ನಿರ್ದೋಷಿ ಎಂದ ಮೇಲೆ ಅವನ ಮನಸ್ಸು ಕರಗುತ್ತದೆ. ಇಲ್ಲಿಯೂ ಮದುವೆ ಅವರಿಬ್ಬರಿಗೇ. ಇಲ್ಲಿಯೂ ಆಯೇಷಾ ವಧುವಿಗೆ ತನ್ನ ಒಡವೆಗಳನ್ನು ತೊಡಿಸುತ್ತಾಳೆ. ಆದರೆ ಕೊನೆಯ ಪುಟ ಯಾರದೆಂಬುದರಲ್ಲಿ ಇಬ್ಬರು ಲೇಖಕರೂ ಬೇರೆಯಾಗುತ್ತಾರೆ. ಸ್ಕಾಟ್ ತನ್ನ ಕೊನೆಯ ಸಾಲುಗಳನ್ನು ಐವನ್‌ಹೋನ ಪದವಿಗೂ ರಿಚರ್ಡ್ ದೊರೆಯ ಸಾವಿಗೂ ಕೊಟ್ಟ. ಬಂಕಿಮರು ಮದುವೆಯ ಮನೆಯಿಂದ ಹೊರಬಂದು ಆಯೇಷಾಳ ಹಿಂದೆಯೇ ಹೋದರು. ರಾತ್ರಿ ಅವಳು ಕಿಟಕಿಯ ಬಳಿ ಒಬ್ಬಳೇ ಕುಳಿತಿದ್ದಾಳೆ. ಬೆರಳಿನಲ್ಲಿ ವಿಷದ ಉಂಗುರ. ಅದನ್ನು ಕಳಚಿ ನೋಡುತ್ತಾಳೆ, ಯೋಚಿಸುತ್ತಾಳೆ, ಕೋಟೆಯ ಕಂದಕದ ನೀರಿಗೆ ಎಸೆಯುತ್ತಾಳೆ. ಪುಸ್ತಕ ಅಲ್ಲಿಗೆ ಮುಗಿಯುತ್ತದೆ.